ಹಿನ್ನೆಲೆಯಲ್ಲಿ ಸಿಕ್ಕಿಬಿದ್ದ ಊರು

1978ರಲ್ಲಿ ಅಮೆರಿಕದ ಸಿನಿಮಾ ತಂಡವೊಂದು ಸುಳ್ಳು ಕಥೆ ಹೇಳಿಕೊಂಡು ಸಿಂಗಪುರದಲ್ಲಿ ಬಂದಿಳಿಯಿತು. ನಿರ್ದೇಶಕ ಪೀಟರ್ ಬೊಗ್ಡಾನೊವಿಚ್. ಅವರು ತೆಗೆಯಹೊರಟಿದ್ದು ಪಾಲ್ ಥೆರೂ ಬರೆದ ‘ಸೇಂಟ್ ಜ್ಯಾಕ್’ ಕಾದಂಬರಿಯನ್ನು. ಹಡಗುಗಳಿಗೆ ಸಾಮಾನು ಪೂರೈಸುವ ಅಂಗಡಿಯ ಕೆಲಸದ ಜೊತೆಗೆ ಊರಿಗೆ ಬಂದ ಬಿಳಿಯರಿಗೆ ಹೆಣ್ಣುಗಳನ್ನೂ ಗೊತ್ತುಮಾಡಿಕೊಡುವ ಅಮೆರಿಕನ್ ದಲ್ಲಾಳಿಯೊಬ್ಬನ ಕಥೆ ಅದು. ಪ್ರಧಾನಿ ಲೀ ಕ್ವಾನ್ ಯೂ ಅವರ ಸರ್ಕಾರ ಇಂಥದ್ದಕ್ಕೆ ಹೂಂ ಅನ್ನುವ ಮಾತೇ ಇರಲಿಲ್ಲ. ಹಾಗಾಗಿ ‘ಜ್ಯಾಕ್ ಆಫ್ ಹಾರ್ಟ್ಸ್’ ಎಂಬ ಹೆಸರಿನಲ್ಲಿ ಬೇರೆಯೇ ಒಂದು ಕಥಾಸಾರ ಬರೆದು, ಅದನ್ನು ಅಧಿಕಾರಿಗಳ ಮುಂದಿಟ್ಟು, ಅನುಮತಿ ಗಿಟ್ಟಿಸಿಕೊಂಡು ಊರ ಬೀದಿಗಳಲ್ಲೇ ಚಿತ್ರೀಕರಣ ಮುಗಿಸಿದರು. ಆಮೇಲೆ ಗುಟ್ಟು ರಟ್ಟಾಯಿತು. 1980ರಲ್ಲಿ ನಿಷೇಧ ಬಿತ್ತು. ಅದು ತೆರವಾಗುವ ಹೊತ್ತಿಗೆ 2006 ಬಂದಿತ್ತು.

ಅದೇ 1978ರಲ್ಲಿ ನಮ್ಮ ಚಿತ್ರಮಂದಿರಗಳಲ್ಲಿ ‘ಸಿಂಗಾಪೂರ್‌ನಲ್ಲಿ ರಾಜಾ ಕುಳ್ಳ’ ತೆರೆಕಂಡಿತು. ನಿರ್ಮಾಪಕ ದ್ವಾರಕೀಶ್, ನಿರ್ದೇಶಕ ಸಿ.ವಿ. ರಾಜೇಂದ್ರನ್, ನಾಯಕ ವಿಷ್ಣುವರ್ಧನ್, ಸಂಗೀತ ರಾಜನ್–ನಾಗೇಂದ್ರ. ಹೊರದೇಶದಲ್ಲಿ ಚಿತ್ರೀಕರಣಗೊಂಡ ಮೊದಲ ಕನ್ನಡ ಸಿನಿಮಾ ಎಂದು ಗಾಂಧಿನಗರ ಇಂದಿಗೂ ಹೇಳಿಕೊಳ್ಳುವುದು ಇದನ್ನೇ. ಇವರಿಗೆ ಸುಳ್ಳು ಕಥಾಸಾರದ ಅಗತ್ಯ ಬೀಳಲಿಲ್ಲ. ಅದರ ಹಿಂದೆಯೇ ‘ಪ್ರಿಯಾ’ ಬಂತು. ಎಸ್.ಪಿ. ಮುತ್ತುರಾಮನ್ ಅದನ್ನು ತಮಿಳಿನಲ್ಲೂ ಕನ್ನಡದಲ್ಲೂ ತೆಗೆದರು. ರಜನೀಕಾಂತ್, ಶ್ರೀದೇವಿ, ಅಂಬರೀಷ್ ಎಲ್ಲ ಇದ್ದರು. ಅದರ ಮೂಲ ಕಾದಂಬರಿ ಬರೆದ ಸುಜಾತಾ ಬೆಂಗಳೂರಿನ ಬಿಇಎಲ್‌ನಲ್ಲಿ ಎಂಜಿನಿಯರ್ ಆಗಿದ್ದವರು. ಕಾದಂಬರಿ ನಡೆಯುವುದು ಲಂಡನ್ನಿನಲ್ಲಿ, ಸಿನಿಮಾ ನಡೆಯುವುದು ಸಿಂಗಪುರದಲ್ಲಿ. ಫಾರಿನ್ ಅಂದರೆ ಫಾರಿನ್, ಯಾವುದಾದರೇನು ಎಂಬ ಧೋರಣೆ. ಮರುವರ್ಷ ಬಾಲಚಂದರ್ ಕೂಡ ಕಮಲಹಾಸನ್, ರಜನೀಕಾಂತ್ ಇಬ್ಬರನ್ನೂ ಕರೆದುಕೊಂಡು ಅಲ್ಲಿಗೇ ಹೋಗಿ ‘ನಿನೈತ್ತಾಲೇ ಇನಿಕ್ಕುಂ’ ಮಾಡಿದರು. ಎರಡು ವರ್ಷ ತುಂಬುವುದರೊಳಗೆ ಒಂದೇ ಪುಟ್ಟ ದ್ವೀಪದ ಮೇಲೆ ಇಷ್ಟು ಕ್ಯಾಮೆರಾಗಳು ಓಡಾಡಿದವು.

‘ತೆರೆಯ ಮೇಲಿನ ಊರು’ ಎಂದು ಈ ಸಂಚಿಕೆಯ ವಿಷಯ ಗೊತ್ತುಮಾಡಿದಾಗ ಲೇಖಕರಿಗೆ ನಾವು ಕೇಳಿಕೊಂಡಿದ್ದು ಒಂದೇ: ಕಥೆ ಬಿಡಿ, ನಾಯಕ ನಾಯಕಿಯರನ್ನೂ ಸದ್ಯಕ್ಕೆ ಬಿಡಿ, ಅವರ ಬೆನ್ನ ಹಿಂದೆ ಏನಿದೆ ನೋಡಿ. ಯಾಕೆಂದರೆ ಈ ಚಿತ್ರಗಳ ಕಥೆಯನ್ನು ಇವತ್ತು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ‘ಸೇಂಟ್ ಜ್ಯಾಕ್’ನ ಮಾತು ಬೇರೆ, ಅದು ನಿಜಕ್ಕೂ ಒಳ್ಳೆಯ ಚಿತ್ರ. ಉಳಿದವುಗಳಲ್ಲಿ ಈಗ ಬೆಲೆಬಾಳುವುದು ಯಾರೂ ಬೇಕೆಂದು ತೆಗೆಯದೆ ತಾನಾಗಿ ಸೆರೆಯಾದದ್ದು: ಪಕ್ಕದಲ್ಲಿ ಹಾದುಹೋದ ಬಸ್ಸು, ಅಂಗಡಿಯ ಬೋರ್ಡು, ಹಾಡು ನೋಡಲು ನಿಂತ ಜನ.

ಆ ಹಿನ್ನೆಲೆ ಎಂಥದ್ದು? ಸಿಂಗಪುರ ನದಿಯನ್ನೇ ನೋಡಿ. ಬಂದರಿಗೆ ಬಂದ ದೊಡ್ಡ ಹಡಗುಗಳು ದೂರದಲ್ಲೇ ಲಂಗರು ಹಾಕುತ್ತಿದ್ದವು. ಅಲ್ಲಿಂದ ಅಕ್ಕಿ, ರಬ್ಬರು, ಒಣಮೀನು, ಸಾಂಬಾರ ಪದಾರ್ಥಗಳನ್ನು ದಡಕ್ಕೆ ತರುತ್ತಿದ್ದುದು ಹೊಟ್ಟೆದಪ್ಪದ ಮರದ ದೋಣಿಗಳು. ಬೋಟ್ ಕೀ ಎಂಬ ಬಾಗಿದ ದಂಡೆಯಲ್ಲಿ ಅವು ಒಂದಕ್ಕೊಂದು ಒತ್ತಿಕೊಂಡು ನಿಂತರೆ ನೀರು ಕಾಣುತ್ತಿರಲಿಲ್ಲ. ದೋಣಿಯ ಮೂತಿಯ ಎರಡೂ ಕಡೆ ಬಿಳಿ ಬಳಿದು ಕಪ್ಪು ಗುಡ್ಡೆ ಇಟ್ಟ ದೊಡ್ಡ ಕಣ್ಣುಗಳು. ಕಣ್ಣಿಲ್ಲದ ದೋಣಿಗೆ ದಾರಿ ತಿಳಿಯುವುದಿಲ್ಲ ಎಂಬುದು ಚೀನೀ ಅಂಬಿಗರ ನಂಬಿಕೆ. ದೋಣಿಯಿಂದ ಮೆಟ್ಟಿಲಿಗೆ ಒಂದೇ ಒಂದು ಹಲಗೆ. ಬೆನ್ನ ಮೇಲೆ ಮೂಟೆ ಹೊತ್ತ ಕೂಲಿಯವನು ಕಾಲಿಟ್ಟರೆ ಹಲಗೆ ಕೆಳಕ್ಕೆ ಬಾಗಬೇಕು. ಅದು ಮೇಲೇಳುವ ಹೊತ್ತಿಗೆ ಸರಿಯಾಗಿ ಅವನು ಮುಂದಿನ ಹೆಜ್ಜೆ ಇಡಬೇಕು, ಇಲ್ಲದಿದ್ದರೆ ಮೂಟೆ ಸಮೇತ ನೀರಿಗೆ. ನೀರಂತೂ ಕಪ್ಪಗಿತ್ತು, ನಾರುತ್ತಿತ್ತು.

ಆ ನದಿಯನ್ನು ಹತ್ತು ವರ್ಷದಲ್ಲಿ ಚೊಕ್ಕ ಮಾಡಬೇಕೆಂದು ಲೀ ಕ್ವಾನ್ ಯೂ ಗಡುವು ಕೊಟ್ಟಿದ್ದು 1977ರಲ್ಲಿ. ದಂಡೆಯ ಗುಡಿಸಲುಗಳು, ಮೇಲ್ಭಾಗದ ಹಂದಿ ಮತ್ತು ಬಾತುಕೋಳಿ ಸಾಕಣೆ, ಬೀದಿಬದಿಯ ಗಾಡಿಗಳು ಒಂದೊಂದಾಗಿ ಖಾಲಿಯಾದವು. 1983ರಲ್ಲಿ ದೋಣಿಗಳನ್ನೆಲ್ಲ ಪಾಸಿರ್ ಪಂಜಾಂಗ್ ಕಡೆಗೆ ಸಾಗಹಾಕಿದರು. 1987ಕ್ಕೆ ಕೆಲಸ ಮುಗಿಯಿತು. ಅಂದರೆ ನಮ್ಮ ಸಿನಿಮಾದವರೂ ಬೊಗ್ಡಾನೊವಿಚ್ ಅವರೂ ಅಲ್ಲಿ ಕ್ಯಾಮೆರಾ ಇಟ್ಟಾಗ ಹಳೆಯ ನದಿಗೆ ನೋಟಿಸು ಕೈಸೇರಿತ್ತು, ಬಾಗಿಲು ಮುರಿಯುವವರು ಇನ್ನೂ ಬಂದಿರಲಿಲ್ಲ. ಬೂಗಿಸ್ ಸ್ಟ್ರೀಟಿನದೂ ಇದೇ ಕಥೆ. ರಾತ್ರಿಯಾದರೆ ಸಿಂಗರಿಸಿಕೊಂಡ ತೃತೀಯಲಿಂಗಿಗಳು, ನಾವಿಕರು, ಬಿಯರು, ಬೀದಿ ಮೇಜುಗಳು ಸೇರಿ ಜಾತ್ರೆಯಾಗುತ್ತಿದ್ದ ಆ ಬೀದಿ ‘ಸೇಂಟ್ ಜ್ಯಾಕ್’ನಲ್ಲಿ ಜೀವಂತವಾಗಿದೆ. 1985ರಲ್ಲಿ ಮೆಟ್ರೊ ಕಾಮಗಾರಿಗೆಂದು ಅದನ್ನು ತೆರವು ಮಾಡಿದರು. ಆಮೇಲೆ ಪ್ರವಾಸಿಗರಿಗೆಂದು ಅದೇ ಹೆಸರಲ್ಲಿ ಹೊಸದೊಂದನ್ನು ಕಟ್ಟಿದರು, ನಡತೆ ತಿದ್ದಿಕೊಂಡ ಬೀದಿಯೊಂದನ್ನು. ಯಾವ ಚಿತ್ರ ತಮ್ಮ ಊರಿನ ಮಾನ ಕಳೆಯುತ್ತದೆಂದು ನಿಷೇಧಿಸಿದರೋ ಅದನ್ನೇ ಇವತ್ತು ಸಿಂಗಪುರದ ಯುವಕರು ಅಜ್ಜಿ ತಾತಂದಿರ ಊರು ಹೇಗಿತ್ತೆಂದು ತಿಳಿಯಲು ನೋಡುತ್ತಾರೆ.

ಇಲ್ಲಿ ಒಂದು ತಕರಾರು ಬರಬಹುದು: ಸಿಂಗಪುರಕ್ಕೆ ತನ್ನದೇ ಸಿನಿಮಾ ಇರಲಿಲ್ಲವೇ? ಇತ್ತು, ಭರ್ಜರಿಯಾಗಿಯೇ ಇತ್ತು. ಜಾಲಾನ್ ಅಂಪಾಸ್‌ನಲ್ಲಿದ್ದ ಶಾ ಸಹೋದರರ ಸ್ಟುಡಿಯೊ 1967ರವರೆಗೆ ಮಲಯ್ ಚಿತ್ರಗಳನ್ನು ಸಾಲುಸಾಲಾಗಿ ಹೊರತಂದಿತು. ಪಿ. ರಾಮ್ಲೀ ಎಂಬ ಮಹಾನಟ ಬೆಳೆದದ್ದು ಅಲ್ಲೇ. ಆ ಮಲಯ್ ಚಿತ್ರಗಳ ನಿರ್ದೇಶಕರಲ್ಲಿ ಬಹುಮಂದಿ ಭಾರತದಿಂದ ಹೋದವರು ಎಂಬುದು ನಮ್ಮಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲ. ಬಿ.ಎಸ್. ರಾಜಹಂಸ್, ಎಲ್. ಕೃಷ್ಣನ್, 1956ರಲ್ಲಿ ‘ಹಾಂಗ್ ತುವಾ’ ಮಾಡಿದ ಫಣಿ ಮಜುಂದಾರ್, ಹೀಗೆ. ಸ್ಟುಡಿಯೊಗಳು ಮುಚ್ಚಿದ ಮೇಲೆ ಬಂದ ಬರಗಾಲ ಹೆಚ್ಚುಕಡಿಮೆ ಎರಡು ದಶಕ ಹಿಡಿಯಿತು. ಊರು ಅತಿ ವೇಗವಾಗಿ ಬದಲಾದದ್ದೂ ಅದೇ ದಶಕಗಳಲ್ಲಿ. ಸ್ವಂತ ಸಿನಿಮಾ ಮಲಗಿದ್ದಾಗ ಊರನ್ನು ಚಿತ್ರಿಸಿಕೊಂಡಿದ್ದು ಪರದೇಶಿ ಕ್ಯಾಮೆರಾಗಳು.

ಆ ಬರಗಾಲದ ಕೊನೆಯ ಭಾಗದಲ್ಲಿ ನಡೆದ ಒಂದು ಘಟನೆ. 1992ರಲ್ಲಿ ಸ್ಯಾಂಡಿ ಟ್ಯಾನ್ ಎಂಬ ಹುಡುಗಿ, ಹದಿಹರೆಯ ಇನ್ನೂ ದಾಟಿರಲಿಲ್ಲ, ಗೆಳತಿಯರ ಜೊತೆ ಸೇರಿ ‘ಶರ್ಕರ್ಸ್’ ಎಂಬ ಚಿತ್ರ ತೆಗೆದಳು. ನಿರ್ದೇಶಕನಾಗಿದ್ದುದು ಅವರಿಗೆ ಸಿನಿಮಾ ಕಲಿಸಿದ ಮೇಷ್ಟರು. ಚಿತ್ರೀಕರಣ ಮುಗಿದ ಮೇಲೆ ಆತ ಎಪ್ಪತ್ತು ಡಬ್ಬಿ ಫಿಲ್ಮನ್ನೂ ಎತ್ತಿಕೊಂಡು ಕಣ್ಮರೆಯಾದ. ಆತ ತೀರಿಕೊಂಡ ಮೇಲೆ, ಚಿತ್ರೀಕರಣ ನಡೆದು ಸುಮಾರು ಇಪ್ಪತ್ತು ವರ್ಷಕ್ಕೆ, ಡಬ್ಬಿಗಳು ಸಿಕ್ಕವು. ಚಿತ್ರ ಚೆನ್ನಾಗೇ ಉಳಿದಿತ್ತು, ಧ್ವನಿ ಮಾತ್ರ ಇರಲಿಲ್ಲ. 2018ರಲ್ಲಿ ಟ್ಯಾನ್ ಅದೇ ಹೆಸರಿನ ಸಾಕ್ಷ್ಯಚಿತ್ರ ಮಾಡಿದಳು. ಮಾತು ಕಳಕೊಂಡ ಆ ತುಣುಕುಗಳಲ್ಲಿ ಕಥೆ ಅರ್ಥವಾಗುವುದಿಲ್ಲ. 1992ರ ಗಲ್ಲಿಗಳು, ಅಂಗಡಿಗಳು, ಮರಗಳು ಬಣ್ಣ ಮಾಸದೆ ನಿಂತಿವೆ. ನಮ್ಮ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಈಗಿನ ಚಿತ್ರಗಳ ವಿಷಯಕ್ಕೆ ಬಂದರೆ ಪರಿಸ್ಥಿತಿ ತಲೆಕೆಳಗು. ಊರೇ ಮುಂದೆ ಬಂದು ಕ್ಯಾಮೆರಾಗೆ ಮುಖ ಕೊಡುತ್ತದೆ. ಸಿಂಗಪುರದಲ್ಲಿ ತೆಗೆದ 2006ರ ಹಿಂದಿ ಚಿತ್ರ ‘ಕ್ರಿಶ್’ ಹೊತ್ತಿಗೆ ಚಿತ್ರತಂಡಗಳಿಗೆ ನೆರವು ಕೊಡುವ ಯೋಜನೆ ಪ್ರವಾಸೋದ್ಯಮ ಮಂಡಳಿಯ ಬಳಿ ಸಿದ್ಧವಿತ್ತು. 2018ರ ‘ಕ್ರೇಜಿ ರಿಚ್ ಏಷಿಯನ್ಸ್’ನಲ್ಲಿ ಮರೀನಾ ಬೇ ಸ್ಯಾಂಡ್ಸ್‌ನ ಮೂರು ಗೋಪುರ, ಗಾರ್ಡನ್ಸ್ ಬೈ ದ ಬೇ, ನ್ಯೂಟನ್ ಫುಡ್ ಸೆಂಟರ್ ಎಲ್ಲವೂ ಮದುವೆಮನೆಗೆ ಹೊರಟವರಂತೆ ಸಿಂಗರಿಸಿಕೊಂಡಿವೆ. ತಮಾಷೆ ಏನೆಂದರೆ, ಅದರಲ್ಲಿ ಬರುವ ಸಿಂಗಪುರದ ಆಗರ್ಭ ಶ್ರೀಮಂತರ ಬಂಗಲೆ ಇರುವುದು ಕ್ವಾಲಾಲಂಪುರದಲ್ಲಿ. ಮಾಜಾಂಗ್ ಆಟದ ದೃಶ್ಯ ತೆಗೆದದ್ದು ಪೆನಾಂಗ್‌ನ ನೀಲಿ ಬಂಗಲೆಯಲ್ಲಿ. ಹಳೆಯದು ಬೇಕೆಂದಾಗ ಗಡಿ ದಾಟಬೇಕಾಯಿತು. ಊರಿನ ತಮಿಳರೂ ಮಲಯರೂ ಅದರಲ್ಲಿ ಹೆಚ್ಚುಕಡಿಮೆ ಕಾಣುವುದೇ ಇಲ್ಲ ಎಂದು ಸಿಂಗಪುರದವರೇ ತಕರಾರು ತೆಗೆದರು, ನ್ಯಾಯವಾಗಿಯೇ.

ಇನ್ನು ಟಿವಿಯ ಪ್ರವಾಸ ಕಾರ್ಯಕ್ರಮಗಳು. ಆಂಥನಿ ಬೋರ್ಡೇನ್ ಬೇರೆ ಬೇರೆ ಸರಣಿಗಳಿಗಾಗಿ ಈ ಊರಿಗೆ ಹಲವು ಸಲ ಬಂದರು, ಮ್ಯಾಕ್ಸ್‌ವೆಲ್ ಫುಡ್ ಸೆಂಟರಿನ ಕೋಳಿಅನ್ನವನ್ನು ಲೋಕಪ್ರಸಿದ್ಧ ಮಾಡಿದರು. 2019ರಲ್ಲಿ ನೆಟ್‌ಫ್ಲಿಕ್ಸ್‌ನ ‘ಸ್ಟ್ರೀಟ್ ಫುಡ್’ ಪುಟು ಪಿರಿಂಗ್ ಮಾಡುವ ಅಂಗಡಿಗೆ ಹೋಯಿತು. ಅದು ನಮ್ಮ ಪುಟ್ಟಿನ ಹತ್ತಿರದ ಸಂಬಂಧಿ, ಒಳಗೆ ಬೆಲ್ಲದ ಹೂರಣ. 2020ರಲ್ಲಿ ಇಂಥ ತಿಂಡಿ ಅಂಗಡಿಗಳ ಹಾಕರ್ ಸಂಸ್ಕೃತಿ ಯುನೆಸ್ಕೊ ಪಟ್ಟಿಗೂ ಸೇರಿತು. ಬೋರ್ಡೇನ್ ಬಗ್ಗೆ ನನಗೆ ಗೌರವವಿದೆ. ಆತ ಅಡುಗೆಯವರ ಜೊತೆ ಕೂತು ಮಾತಾಡುತ್ತಿದ್ದ, ಉಳಿದವರ ಹಾಗೆ ತುತ್ತು ಬಾಯಿಗಿಟ್ಟ ಕ್ಷಣವೇ ಕಣ್ಣು ಮುಚ್ಚುತ್ತಿರಲಿಲ್ಲ.

ಆದರೆ ಇಂಥ ಕಾರ್ಯಕ್ರಮಗಳ ಕ್ಯಾಮೆರಾದ ಮೇಲೆ ನನಗೊಂದು ಸಿಟ್ಟಿದೆ. ತಟ್ಟೆಯನ್ನು ತೀರ ಹತ್ತಿರದಿಂದ ಹಿಡಿಯುತ್ತಾರೆ, ಲೆನ್ಸಿನ ಕಂಡಿಯನ್ನು ಪೂರ್ತಿ ತೆರೆದಿರುತ್ತಾರೆ. ಕೋಳಿಯ ತುಂಡಿನ ಮೇಲಿನ ಎಣ್ಣೆ ಹೊಳೆಯುತ್ತದೆ, ಹಿಂದಿರುವುದೆಲ್ಲ ಬಣ್ಣಬಣ್ಣದ ಗುಳ್ಳೆಯಾಗಿ ಕರಗಿಹೋಗುತ್ತದೆ. ಪಕ್ಕದ ಮೇಜಿನ ಮೇಲೆ ಯಾರೋ ಟಿಶ್ಯೂ ಪೊಟ್ಟಣ ಇಟ್ಟು ಜಾಗ ಹಿಡಿದಿರುತ್ತಾರೆ. ಆ ಊರಿನಲ್ಲಿ ಅದನ್ನು ಯಾರೂ ಮುಟ್ಟುವುದಿಲ್ಲ, ನಮ್ಮ ಬಸ್ಸಿನ ಸೀಟಿನ ಮೇಲಿನ ಕರವಸ್ತ್ರಕ್ಕೂ ಅಷ್ಟು ಮರ್ಯಾದೆ ಇಲ್ಲ. ಅದರಾಚೆ ತಟ್ಟೆ ಎತ್ತುವ ವಯಸ್ಸಾದ ಹೆಂಗಸು, ಸ್ಕೂಲ್ ಯೂನಿಫಾರ್ಮಿನ ಮಕ್ಕಳು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಸಿಕೊಂಡ ಕಾಫಿಗೆ ಸ್ಟ್ರಾ ಹಾಕಿ ಹೀರುತ್ತಾ ನಿಂತವನು. ಎಲ್ಲರೂ ಗುಳ್ಳೆಯಾಗುತ್ತಾರೆ. ಡ್ರೋನ್ ಇನ್ನೊಂದು ತುದಿಯ ಕುರುಡು: ಅಷ್ಟು ಮೇಲಿನಿಂದ ಊರೆಲ್ಲ ಕಾಣುತ್ತದೆ, ಒಬ್ಬ ಮನುಷ್ಯನೂ ಕಾಣುವುದಿಲ್ಲ. ಹಳೆಯ ಸಿನಿಮಾದವರು ಸುಡುಬಿಸಿಲಿನಲ್ಲಿ ಲೆನ್ಸಿನ ಕಂಡಿ ಕಿರಿದಾಗಿಸಿ ತೆಗೆಯುತ್ತಿದ್ದರು. ನಾಯಕನ ಮೂಗಿನಷ್ಟೇ ನಿಖರವಾಗಿ ಬೀದಿ ಕೊನೆಯ ಸೈಕಲ್ಲೂ ದಾಖಲಾಗುತ್ತಿತ್ತು. ದಾರಿಹೋಕರನ್ನು ಸರಿಸಿ ಜಾಗ ಖಾಲಿ ಮಾಡಿಸುವಷ್ಟು ದುಡ್ಡೂ ಅವರ ಬಳಿ ಇರಲಿಲ್ಲ. ಆ ಕಾಲದ ಫಾರಿನ್ ಹಾಡುಗಳಲ್ಲಿ ನಿಂತು ನೇರ ಕ್ಯಾಮೆರಾವನ್ನೇ ದಿಟ್ಟಿಸುವ ಜನರನ್ನು ಕಂಡು ನಾವು ನಗುತ್ತಿದ್ದೆವು. ಈಗ ಆ ಹಾಡುಗಳಲ್ಲಿ ನೋಡಬೇಕಾದವರು ಅವರೇ.

ಸಿಂಗಪುರದ ಹೊಸ ತಲೆಮಾರಿನ ನಿರ್ದೇಶಕರಿಗೆ ಇದು ಚೆನ್ನಾಗಿ ಗೊತ್ತಿದೆ. ಟ್ಯಾನ್ ಪಿನ್ ಪಿನ್ ತಮ್ಮ ‘ಸಿಂಗಪುರ್ ಗಾಗಾ’ದಲ್ಲಿ ಊರಿನ ಸದ್ದುಗಳನ್ನೇ ಹಿಡಿದಿಟ್ಟರು. ಆಂಥನಿ ಚೆನ್ ಅವರ ‘ಇಲೊ ಇಲೊ’ (2013) ಬಹುಮಟ್ಟಿಗೆ ಸರ್ಕಾರಿ ವಸತಿಗೃಹದ ಒಂದು ಫ್ಲ್ಯಾಟಿನೊಳಗೆ ನಡೆದು ಕಾನ್‌ನಲ್ಲಿ ಕ್ಯಾಮೆರಾ ದೋರ್ ಪ್ರಶಸ್ತಿ ತಂದಿತು. ಯೊ ಸ್ಯೂ ಹುವಾ ಅವರ ‘ಎ ಲ್ಯಾಂಡ್ ಇಮ್ಯಾಜಿನ್ಡ್’ (2018) ಸಮುದ್ರಕ್ಕೆ ಮರಳು ಸುರಿದು ನೆಲ ಮಾಡುವ ಕಾಮಗಾರಿಗೂ ಅಲ್ಲಿ ದುಡಿಯುವ ಬಾಂಗ್ಲಾದೇಶ, ಚೀನಾದ ಕೂಲಿಗಳ ಬಳಿಗೂ ನಮ್ಮನ್ನು ಕರೆದೊಯ್ಯುತ್ತದೆ. ಸುಮಾರು 580 ಚದರ ಕಿಲೋಮೀಟರ್ ಇದ್ದ ದೇಶ 730ನ್ನು ದಾಟಿದ್ದು ಆ ಮರಳಿನಿಂದಲೇ. ‘ಕ್ರೇಜಿ ರಿಚ್’ ಕುಣಿದದ್ದೂ ಅದೇ ಮರಳಿನ ಮೇಲೆ.

ಬಂದರು ಕೂಡ ಕ್ಯಾಮೆರಾದಿಂದ ದೂರ ಸರಿಯುತ್ತಿದೆ. ಪಶ್ಚಿಮದ ತುದಿಯಲ್ಲಿ ಟುವಾಸ್ ಬಂದರು 2022ರಲ್ಲಿ ಔಪಚಾರಿಕವಾಗಿ ಆರಂಭವಾಯಿತು. ಊರೊಳಗಿನ ಕಂಟೇನರ್ ಟರ್ಮಿನಲ್‌ಗಳು 2027ರೊಳಗೆ ಅಲ್ಲಿಗೆ ಹೋಗಬೇಕೆಂಬುದು ಯೋಜನೆ. ಅಲ್ಲಿ ಕಂಟೇನರ್ ಸಾಗಿಸುವ ಬಂಡಿಗಳಿಗೆ ಚಾಲಕರೂ ಇಲ್ಲ.

ನಮ್ಮ ಕಡೆಯದೊಂದು ಕೆಲಸ ಬಾಕಿಯಿದೆ. ಎಪ್ಪತ್ತರ ದಶಕದ ಕನ್ನಡ ಚಿತ್ರಗಳು ಇವತ್ತು ನಮಗೆ ಸಿಗುವುದು ಬಹುಮಟ್ಟಿಗೆ ಟಿವಿಯಿಂದ ಇಳಿಸಿಕೊಂಡ ಮಸುಕು ಪ್ರತಿಗಳಲ್ಲಿ, ಅದೂ ಅಂಚು ಕತ್ತರಿಸಿದಂಥವು. ಕತ್ತರಿ ಬಿದ್ದದ್ದು ನಾಯಕನ ಮುಖಕ್ಕಲ್ಲ, ಹಿನ್ನೆಲೆಗೆ. ಹೊರದೇಶದ ಚಿತ್ರೀಕರಣಕ್ಕೆ ಹೋಗಿದ್ದ ತಂತ್ರಜ್ಞರು, ಸಹಾಯಕರು, ಸ್ಥಿರಚಿತ್ರ ತೆಗೆದವರ ಮನೆಗಳಲ್ಲಿ ಫೋಟೊ, ನೆಗೆಟಿವ್, ಖರ್ಚಿನ ಪುಸ್ತಕ ಏನಿದ್ದರೂ ನಮಗೆ ತಿಳಿಸಿ. ಪ್ರತಿ ಮಾಡಿಕೊಂಡು ಮೂಲವನ್ನು ಹಾಗೇ ಹಿಂದಿರುಗಿಸುತ್ತೇವೆ. ಮುಂದಿನ ಸಂಚಿಕೆಯಲ್ಲಿ ಅವಕ್ಕಾಗಿ ಎಂಟು ಪುಟ ತೆಗೆದಿಟ್ಟಿದ್ದೇವೆ.