ಬಿಟ್ಟಿ ಯಾರಿಗೆ ಸ್ವಾಮಿ?

"ಬಿಟ್ಟಿ ಖಾತೆ ತಾನೆ, ನಾಲ್ಕು ಕಸದ ಈಮೇಲ್ ಬಂದ್ರೆ ಏನೀಗ?" ಅಂತಾರೆ ಕೆಲವರು. ಬಿಟ್ಟಿ ಯಾರಿಗೆ ಸ್ವಾಮಿ? ಕಳಿಸುವವನಿಗೆ! ಗುಡಿಸೋ ಕೆಲಸ ನಮ್ಮದು.

1978ರಲ್ಲೇ ಗ್ಯಾರಿ ಥರ್ಕ್ ಎಂಬಾತ ಕಂಪ್ಯೂಟರ್ ಮಾರಲು ಅರ್ಪಾನೆಟ್‌ನ ನೂರಾರು ಜನಕ್ಕೆ ಒಂದೇ ಓಲೆ ಕಳಿಸಿ ಬೈಸಿಕೊಂಡಿದ್ದ. ಅಮೆರಿಕದ 2003ರ ಕಾನೂನು ಮಾಡಿದ್ದೇನು? ಕೇಳದೆಯೇ ಕಳಿಸಬಹುದಂತೆ, 'ಬೇಡ' ಅನ್ನೋ ಹೊರೆ ಮಾತ್ರ ಪಡೆದವರದ್ದು! ಆ 'ಬೇಡ'ದ ಕೊಂಡಿಯೋ, ತಳದಲ್ಲೆಲ್ಲೋ ಇರುವೆಯಂಥ ಅಕ್ಷರದಲ್ಲಿ. (ಕಳ್ಳರ ಈಮೇಲ್‌ನಲ್ಲಿ ಅದನ್ನು ಒತ್ತಲೇಬೇಡಿ, ವಿಳಾಸ ಜೀವಂತ ಇದೆ ಅಂತ ಗೊತ್ತಾಗಿಬಿಡುತ್ತೆ.) ದಿನಕ್ಕೆ 5000 ಕಳಿಸುವ ವ್ಯಾಪಾರಿಗಳಿಗೆ ಒಂದೇ ಕ್ಲಿಕ್ಕಿನ 'ಬೇಡ'ವನ್ನು ಜಿಮೇಲ್ ಕಡ್ಡಾಯ ಮಾಡಿದ್ದು 2024ರಲ್ಲಿ. ಇಪ್ಪತ್ತು ವರ್ಷ ಬೇಕಾಯ್ತಾ ಮಾರಾಯ್ರೆ? ಅಷ್ಟಾದ್ರೂ ಅದರ ಪ್ರೊಮೋಷನ್ಸ್ ವಿಭಾಗದಲ್ಲಿ ಈಮೇಲ್ ವೇಷದ ಜಾಹೀರಾತು ನಿಂತಿಲ್ಲ.

ನಮ್ಮಲ್ಲಿ ಎಸ್ಸೆಮ್ಮೆಸ್ ಕಾಟಕ್ಕೆ ಟ್ರಾಯ್‌ನ ಡಿಎನ್‌ಡಿ ಅಂತ ಹೆಸರಿಗಾದರೂ ಒಂದಿದೆ. ಈಮೇಲ್‌ಗೆ ಅದೂ ಇಲ್ಲ...