ಕೈಗುಣಕ್ಕೊಂದು ಕಮ್ಮಟ

ಆಷಾಢ ಮಾಸದಲ್ಲಿ ಪಂಢರಪುರದ ವಾರಿಯ ದಾರಿಯನ್ನು ಕಂಡವರಿಗೆ ಈ ನೋಟ ಹೊಸದಲ್ಲ. ಹತ್ತಾರು ಹರದಾರಿ ನಡೆದು ಬಂದ ವಾರಕರಿಯೊಬ್ಬ ರಸ್ತೆಯ ಬದಿಯಲ್ಲಿ ಕಾಲು ಚಾಚಿ ಕುಳಿತಿರುತ್ತಾನೆ. ಅವನ ಮುಂದೆ ಎಣ್ಣೆಯ ಬಟ್ಟಲು ಹಿಡಿದ ಮತ್ತೊಬ್ಬ, ಹೆಸರು ಕೇಳದೆ, ಊರು ಕೇಳದೆ, ಬಿರಿದ ಹಿಮ್ಮಡಿಯಿಂದ ಮೊಳಕಾಲಿನವರೆಗೆ ತಿಕ್ಕುತ್ತಾನೆ. ವಾರಿ ಮುಗಿದ ಮೇಲೆಯೂ ಈ ವಿದ್ಯೆಗೆ ಬಿಡುವಿಲ್ಲ. ಸೊಲ್ಲಾಪುರದ ಮಗ್ಗದ ಕೆಲಸಗಾರನ ಭುಜ ಬಿಗಿದಾಗ, ತಾಲೀಮಿನ ಪೈಲವಾನನ ತೋಳು ಉಳುಕಿದಾಗ, ಅಕ್ಕಲಕೋಟ ತಾಲೂಕಿನ ಹಳ್ಳಿಯ ಮನೆಯಲ್ಲಿ ತೊಟ್ಟಿಲು ಕಟ್ಟಿದಾಗ ಕರೆ ಹೋಗುವುದು ಇಂಥವರಿಗೇ. ಕ್ಷೌರದಂಗಡಿಯ ಅಣ್ಣ, ತಾಲೀಮಿನ ವಸ್ತಾದ, ಕೂಸಿಗೂ ಬಾಣಂತಿಗೂ ಎರೆಯುವ ಅಜ್ಜಿ: ಇವರ ಬೆರಳುಗಳಲ್ಲಿರುವುದನ್ನು ಜನ ಒಂದೇ ಮಾತಿನಲ್ಲಿ ಕೈಗುಣ ಎನ್ನುತ್ತಾರೆ.

ಈ ವಿದ್ಯೆಯ ಬೇರು ಆಳವಾದುದು. ಕಲ್ಯಾಣವನ್ನು 1126ರಿಂದ 1138ರವರೆಗೆ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ರಾಜಭೋಗಗಳನ್ನು ಎಣಿಸುವಾಗ ಪಾದಾಭ್ಯಂಗಕ್ಕೆ ಪ್ರತ್ಯೇಕ ಸ್ಥಾನವನ್ನೇ ಕೊಟ್ಟಿದ್ದಾನೆ. ಅರಮನೆಯಲ್ಲಿ ಅದು ಭೋಗವಾಗಿತ್ತು. ತಿಕ್ಕುವವನಿಗೆ ಅದು ದುಡಿಮೆಯಾಗಿತ್ತು. ಅದೇ ಶತಮಾನದಲ್ಲಿ ಶರಣರು ದುಡಿಮೆಗೆ ಕಾಯಕವೆಂಬ ಹೆಸರು ಕೊಟ್ಟು, ಕಾಯದಿಂದ ಮಾಡುವ ಯಾವ ಕೆಲಸವೂ ಕೀಳಲ್ಲವೆಂದು ಸಾರಿದರು. ಸೊನ್ನಲಿಗೆಯ ಸಿದ್ಧರಾಮನ ಊರಿನಲ್ಲಿ ಈ ಮಾತನ್ನು ವಿವರಿಸಬೇಕಾದ ಅಗತ್ಯವಿಲ್ಲ. ಆದರೆ ಇನ್ನೊಬ್ಬರ ಕಾಯವನ್ನೇ ಕೈಗೆ ತೆಗೆದುಕೊಳ್ಳುವ ಕಾಯಕಕ್ಕೆ ಒಂದು ಹೊಣೆ ಹೆಚ್ಚು. ಮಡಕೆ ಒಡೆದರೆ ಮತ್ತೊಂದನ್ನು ಮಾಡಬಹುದು. ಕುತ್ತಿಗೆಯ ವಿಷಯ ಹಾಗಲ್ಲ.

ಹೊಣೆಯ ಮಾತು ಏಕೆ ಬಂದಿತೆಂಬುದಕ್ಕೆ ಎರಡು ಪ್ರಸಂಗಗಳು ಸಾಕು. 2016ರಲ್ಲಿ ದೆಹಲಿಯ ತರುಣನೊಬ್ಬ ಆಟವಾಡುವಾಗ ಪಾದದ ಗಂಟಿಗೆ ಪೆಟ್ಟು ಮಾಡಿಕೊಂಡ. ಕೆಲ ವಾರ ಕಾಲಿಗೆ ಪ್ಲಾಸ್ಟರ್ ಹಾಕಲಾಗಿತ್ತು. ಅದನ್ನು ತೆಗೆದ ಮೇಲೂ ನೋವು, ಬಾವು ಉಳಿದವು. ತಾಯಿ ಎಣ್ಣೆ ಹಚ್ಚಿ ತಿಕ್ಕಿದಳು. ಅಲುಗದೆ ಇದ್ದ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದುದು ಆಕೆಗೆ ತಿಳಿಯುವುದಾದರೂ ಹೇಗೆ? ಆ ಹೆಪ್ಪು ಸಡಿಲಗೊಂಡು ಶ್ವಾಸಕೋಶದ ರಕ್ತನಾಳಕ್ಕೆ ಸಿಕ್ಕಿಕೊಂಡಿತು, ಮಗ ಉಳಿಯಲಿಲ್ಲ. ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ವೈದ್ಯರು ಈ ಪ್ರಕರಣವನ್ನು ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಿಸಿದ್ದಾರೆ. ಎರಡನೆಯದು 2024ರದು. ಬಳ್ಳಾರಿಯ ಯುವ ಕಾರ್ಮಿಕನೊಬ್ಬ ಕ್ಷೌರದಂಗಡಿಯಲ್ಲಿ ತಲೆಗೆ ಮಾಲೀಸು ಮಾಡಿಸಿಕೊಂಡ. ಕೊನೆಯಲ್ಲಿ ಕುತ್ತಿಗೆಯನ್ನು ಫಕ್ಕನೆ ತಿರುಗಿಸಿ ನೆಟಿಕೆ ತೆಗೆಯಲಾಯಿತು. ಕತ್ತಿನ ರಕ್ತನಾಳದ ಒಳಪದರ ಹರಿದು ಅವನಿಗೆ ಪಾರ್ಶ್ವವಾಯು ಬಡಿಯಿತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಸಕಾಲದ ಚಿಕಿತ್ಸೆ ದೊರೆತುದರಿಂದ ಅವನು ಬದುಕಿದ.

ಈ ಎರಡರಲ್ಲಿಯೂ ಯಾರ ಮನಸ್ಸಿನಲ್ಲಿಯೂ ಕೇಡಿರಲಿಲ್ಲ. ಕೈ ಎಲ್ಲಿ ನಿಲ್ಲಬೇಕೆಂಬ ಅರಿವಿರಲಿಲ್ಲ. ಈ ಅರಿವು ಪಾಶ್ಚಾತ್ಯರಿಂದ ಎರವಲು ತರಬೇಕಾದುದೂ ಅಲ್ಲ. ದಿನವೂ ಅಭ್ಯಂಗ ಮಾಡಬೇಕು, ತಲೆ, ಕಿವಿ, ಪಾದಗಳಿಗೆ ವಿಶೇಷವಾಗಿ ಮಾಡಬೇಕು ಎಂದು ವಿಧಿಸಿದ ವಾಗ್ಭಟನೇ ಅದರ ಬೆನ್ನಿಗೆ ಕಫಪೀಡಿತರಿಗೆ, ಆಗತಾನೆ ಶೋಧನ ಚಿಕಿತ್ಸೆ ಪಡೆದವರಿಗೆ, ಅಜೀರ್ಣದಿಂದ ನರಳುವವರಿಗೆ ಅಭ್ಯಂಗ ಸಲ್ಲದೆಂದು ‘ಅಷ್ಟಾಂಗಹೃದಯ’ದಲ್ಲಿ ನಿಷೇಧಿಸಿದ್ದಾನೆ. ಜನರು ವಿಧಿಯನ್ನು ನೆನಪಿಟ್ಟುಕೊಂಡರು, ನಿಷೇಧವನ್ನು ಮರೆತರು.

ಕಾನೂನಿನ ದೃಷ್ಟಿಯೂ ಇದಕ್ಕೆ ಸಮೀಪವಾಗಿಯೇ ಇದೆ. 2005ರ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ವೃತ್ತಿನಿರತನ ಅಲಕ್ಷ್ಯವನ್ನು ಎರಡು ಬಗೆಯಾಗಿ ಅಳೆಯಿತು: ತನಗಿದೆಯೆಂದು ಹೇಳಿಕೊಂಡ ಕುಶಲತೆ ಅವನಲ್ಲಿ ಇಲ್ಲದಿರುವುದು ಒಂದು, ಇದ್ದ ಕುಶಲತೆಯನ್ನು ತಕ್ಕ ಎಚ್ಚರದಿಂದ ಬಳಸದಿರುವುದು ಇನ್ನೊಂದು. ವೈದ್ಯರ ಪ್ರಕರಣದಲ್ಲಿ ಹೇಳಿದ ಈ ಮಾತು ಕುಶಲತೆಯನ್ನು ಸಾರಿಕೊಳ್ಳುವ ಎಲ್ಲ ವೃತ್ತಿಗಳಿಗೂ ಅನ್ವಯಿಸುವಂಥದು. ಹಣ ಪಡೆದು ಮಾಡುವ ಮಾಲೀಸು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ದೃಷ್ಟಿಯಲ್ಲಿ ಸೇವೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 125ನೆಯ ಕಲಮಿನಂತೆ, ಅಲಕ್ಷ್ಯದಿಂದ ತೀವ್ರ ಗಾಯವಾದರೆ 3 ವರ್ಷಗಳವರೆಗೆ ಸೆರೆವಾಸವಾಗಬಹುದು. ಸಾವು ಸಂಭವಿಸಿದರೆ 106ನೆಯ ಕಲಮಿನಂತೆ 5 ವರ್ಷಗಳವರೆಗೆ. ನೋಂದಾಯಿತ ವೈದ್ಯನಿಗೆ ವೈದ್ಯಕೀಯ ಕ್ರಿಯೆ ನಡೆಸುವಾಗ ಈ ಮಿತಿ 2 ವರ್ಷ. ಆ ರಿಯಾಯಿತಿ ಮೂಳೆ ಕೂರಿಸುವವನಿಗಾಗಲಿ ಮಾಲೀಸು ಮಾಡುವವನಿಗಾಗಲಿ ಇಲ್ಲ. ಇನ್ನು, ಅಂಗಡಿಯ ಫಲಕದ ಮೇಲೆ ‘ಡಾಕ್ಟರ್’ ಎಂದು ಬರೆಸಿಕೊಂಡು ನೋಂದಣಿಯಿಲ್ಲದೆ ವೈದ್ಯವೃತ್ತಿ ನಡೆಸುವವನಿಗೆ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯಿದೆಯು ಒಂದು ವರ್ಷದವರೆಗೆ ಸೆರೆವಾಸ ಅಥವಾ 5 ಲಕ್ಷ ರೂಪಾಯಿಗಳವರೆಗೆ ದಂಡ, ಇಲ್ಲವೆ ಎರಡನ್ನೂ ವಿಧಿಸುತ್ತದೆ. ಐವತ್ತು ವರ್ಷ ಊರಿಗೆ ಉಪಕಾರ ಮಾಡಿದ ಹಿರಿಯನೊಬ್ಬನು ಒಂದು ದಿನದ ತಪ್ಪಿನಿಂದ ಕಟಕಟೆಯಲ್ಲಿ ನಿಲ್ಲುವಂತಾಗಬಾರದು ಎಂಬ ಕಾಳಜಿಯಿದ್ದರೆ, ಅವನಿಗೆ ಬೇಕಾದುದು ಬೈಗುಳವಲ್ಲ, ತರಬೇತಿ.

ಆ ತರಬೇತಿ ಎಲ್ಲಿದೆ? ಸರಕಾರದ ಬಾಗಿಲು ಪೂರ್ಣ ಮುಚ್ಚಿಲ್ಲ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕ್ಷೌರವೃತ್ತಿಯೂ ಒಂದು. ಅದರಲ್ಲಿ 5ರಿಂದ 7 ದಿನಗಳ ಮೂಲ ತರಬೇತಿ, ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗಳಿಗೆ 15,000 ರೂಪಾಯಿ, ಶೇಕಡಾ 5ರ ಬಡ್ಡಿಯಲ್ಲಿ ಸಾಲ ಇವುಗಳ ಏರ್ಪಾಡಿದೆ. ಆದರೆ ಮಾಲೀಸನ್ನೇ ಕಸುಬಾಗಿಸಿಕೊಂಡವರಿಗೆ, ಕೂಸಿಗೆ ಎರೆಯುವ ಹೆಣ್ಣುಮಕ್ಕಳಿಗೆ ಆ ಪಟ್ಟಿಯಲ್ಲಿ ಪ್ರತ್ಯೇಕ ಹೆಸರಿಲ್ಲ. ಪ್ರಧಾನಮಂತ್ರಿ ಕೌಶಲ್ಯ ವಿಕಾಸ ಯೋಜನೆಯಲ್ಲಿ ಪೂರ್ವಕಲಿಕೆಗೆ ಮಾನ್ಯತೆ ಎಂಬ ವಿಧಾನವುಂಟು: ಶಾಲೆಯಲ್ಲಿ ಕಲಿಯದಿದ್ದರೂ ಕೈಯಲ್ಲಿರುವ ಕಸುಬನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವುದು. ಇದರ ತತ್ತ್ವ ಅಕ್ಕಲಕೋಟದಂಥ ಪ್ರದೇಶಕ್ಕೆ ಹೇಳಿ ಮಾಡಿಸಿದಂತಿದೆ.

ಇಲ್ಲಿ ಪಾಲಕರಿಗೆ ಎಚ್ಚರಿಕೆಯ ಮಾತೊಂದಿದೆ. ಹತ್ತನೆಯ ಇಯತ್ತೆ ಮುಗಿಸಿದ ಮಕ್ಕಳಿಗೆ ಪುಣೆ, ಮುಂಬಯಿಯ ಸ್ಪಾಗಳಲ್ಲಿ ನೌಕರಿಯೆಂಬ ಆಸೆ ತೋರಿಸಿ, ಎರಡು ದಿನಗಳ ಕಾರ್ಯಾಗಾರಕ್ಕೆ ಸಾವಿರಾರು ರೂಪಾಯಿ ಪಡೆದು ಬಣ್ಣದ ಕಾಗದ ಕೊಡುವವರು ಇದ್ದಾರೆ. ಹಣ ಕಟ್ಟುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಬೇಕು. ಪ್ರಮಾಣಪತ್ರ ಕೊಡುವ ಸಂಸ್ಥೆಗೆ ರಾಷ್ಟ್ರೀಯ ವೃತ್ತಿಶಿಕ್ಷಣ ಮತ್ತು ತರಬೇತಿ ಪರಿಷತ್ತಿನ ಮಾನ್ಯತೆಯಿದೆಯೇ? ಆ ಪತ್ರದ ಮೇಲೆ ರಾಷ್ಟ್ರೀಯ ಕೌಶಲ್ಯ ಅರ್ಹತಾ ಚೌಕಟ್ಟಿನ ಮಟ್ಟ ನಮೂದಾಗಿದೆಯೇ? ನೌಕರಿಗೆ ಲಿಖಿತ ನೇಮಕಪತ್ರವಿದೆಯೇ? ಮೂರನೆಯ ಪ್ರಶ್ನೆ ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೂ ಮುಖ್ಯ. ಮಾಲೀಸಿನ ಹೆಸರಿನಲ್ಲಿ ಬೇರೆಯೇ ವ್ಯವಹಾರ ನಡೆಸುವ ಸ್ಥಳಗಳ ಮೇಲೆ ಪೊಲೀಸರ ದಾಳಿಯಾದ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಇದರಿಂದ ಮರ್ಯಾದೆಯಾಗಿ ದುಡಿಯುವವರ ಮೇಲೂ ಸಂಶಯದ ನೆರಳು ಬೀಳುತ್ತದೆ. ಅದನ್ನು ತೊಡೆಯುವುದಕ್ಕೂ ನಿಜವಾದ ತರಬೇತಿಯೇ ದಾರಿ: ಗಿರಾಕಿಯ ಒಪ್ಪಿಗೆ ಕೇಳುವುದು, ಮೈಮುಚ್ಚುವ ಕ್ರಮ, ಬೇಡವೆನ್ನುವ ಹಕ್ಕು ಇಬ್ಬರಿಗೂ ಇದೆಯೆಂಬ ತಿಳಿವಳಿಕೆ ಇವು ಪಾಠದ ಭಾಗವಾಗಿರಬೇಕು.

ಇಂಥ ವಿದ್ಯೆಗೆ ಗೌರವ ತಂದುಕೊಟ್ಟ ನಾಡೊಂದರ ಉದಾಹರಣೆಯಿದೆ. ಥಾಯ್ಲೆಂಡಿನ ಬ್ಯಾಂಕಾಕಿನಲ್ಲಿರುವ ವಾಟ್ ಪೋ ದೇವಾಲಯದ ಗೋಡೆಗಳಲ್ಲಿ ಮರ್ದನವಿದ್ಯೆಯನ್ನು ಶಿಲಾಫಲಕಗಳ ಮೇಲೆ ಕೆತ್ತಿಸಲಾಗಿತ್ತು. 1955ರಲ್ಲಿ ಅಲ್ಲಿಯೇ ಶಾಲೆ ತೆರೆಯಿತು. 2010ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಆ ಪದ್ಧತಿಯ ತರಬೇತಿಗೆ ಮಾನದಂಡಗಳನ್ನು ಪ್ರಕಟಿಸಿತು; 2019ರಲ್ಲಿ ಯುನೆಸ್ಕೋ ಅದನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಹಳ್ಳಿಯ ಕೈಗುಣವನ್ನು ಅವರು ಬಿಸಾಡಲಿಲ್ಲ. ಅದಕ್ಕೆ ಪಠ್ಯವನ್ನು, ಪರೀಕ್ಷೆಯನ್ನು ಕೊಟ್ಟರು. ಆ ಪಠ್ಯ ಅವರ ಭಾಷೆಯಲ್ಲಿತ್ತೆಂಬುದೂ ಗಮನಾರ್ಹ.

ಭಾಷೆಯ ಪ್ರಶ್ನೆ ಬರುವುದು ಇಲ್ಲಿಯೇ. ಮಹಾರಾಷ್ಟ್ರದ ಬಾಲಭಾರತಿ ಕನ್ನಡದಲ್ಲಿಯೂ ಪಠ್ಯಪುಸ್ತಕಗಳನ್ನು ಮುದ್ರಿಸುತ್ತದೆ; ಮಗು ಶರೀರದ ಪಾಠವನ್ನು ಕನ್ನಡದಲ್ಲಿ ಓದುತ್ತದೆ. ಆದರೆ ಅದೇ ಮಗುವಿನ ಅಜ್ಜಿ ತರಬೇತಿಗೆ ಹೋದರೆ ಅವಳ ಕಿವಿಗೆ ಬೀಳುವ ಭಾಷೆ ಬೇರೆ. ‘ಎಳೆಯ ಕೂಸಿನ ನೆತ್ತಿಯನ್ನು ಒತ್ತಬಾರದು, ಕಿವಿ ಮೂಗಿಗೆ ಎಣ್ಣೆ ಹಾಕಬಾರದು, ಎದೆ ಹಿಂಡಿ ಹಾಲು ತೆಗೆಯಬಾರದು, ಹುಟ್ಟಿದ ಕೂಸಿಗೆ ಮೊದಲ 24 ಗಂಟೆ ಎರೆಯಬಾರದು’ ಎಂಬ ಮಾತುಗಳು ಅರ್ಧ ತಿಳಿದರೆ ಸಾಲದು. ಪೂರ್ಣವಾಗಿ ತಿಳಿಯಬೇಕು, ತಿಳಿಯದಿದ್ದರೆ ಎದ್ದು ನಿಂತು ಕೇಳುವ ಧೈರ್ಯವೂ ಇರಬೇಕು. ಆ ಧೈರ್ಯ ತಾಯ್ನುಡಿಯಲ್ಲಿ ಮಾತ್ರ ಬರುತ್ತದೆ. ನಿರೋಗಿಯಾದ, ದಿನ ತುಂಬಿ ಹುಟ್ಟಿದ ಕೂಸಿಗೆ ಹಗುರವಾದ ಮಾಲೀಸು ಒಳ್ಳೆಯದಾಗಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯೇ 2022ರಲ್ಲಿ ಒಪ್ಪಿದೆಯೆಂದು ಕೇಳಿದಾಗ ಆ ಅಜ್ಜಿಯ ಮುಖ ಅರಳುವುದೂ ತಾಯ್ನುಡಿಯಲ್ಲಿಯೇ.

ಕೇಳುವುದಕ್ಕೆ ಸಂವಿಧಾನದ ಆಧಾರವಿದೆ. 350ನೆಯ ವಿಧಿಯಂತೆ ಯಾವ ನಾಗರಿಕನೂ ತನ್ನ ಅಹವಾಲನ್ನು ಕೇಂದ್ರದ ಅಥವಾ ರಾಜ್ಯದ ಯಾವ ಅಧಿಕಾರಿಗಾದರೂ, ಅಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸಲ್ಲಿಸಬಹುದು. ಸೊಲ್ಲಾಪುರ ಜಿಲ್ಲೆಯಲ್ಲಿ ಕನ್ನಡ ಬಳಕೆಯಲ್ಲಿದೆಯೆಂಬುದಕ್ಕೆ ಅಕ್ಕಲಕೋಟ, ಮೈಂದರ್ಗಿ, ದುಧನಿಗಳ ಶಾಲೆಗಳೇ ಸಾಕ್ಷಿ. ಉತ್ತರವೂ ಕನ್ನಡದಲ್ಲಿಯೇ ಬರಬೇಕೆಂದು ಆ ವಿಧಿ ಹೇಳುವುದಿಲ್ಲ. ಆದುದರಿಂದ ಕನ್ನಡ ಅರ್ಜಿಯೊಡನೆ ಮರಾಠಿ ಪ್ರತಿಯೊಂದನ್ನು ಲಗತ್ತಿಸುವುದು ವಿವೇಕ. ಅರ್ಜಿ ಜಿಲ್ಲಾಧಿಕಾರಿಗೂ ಜಿಲ್ಲೆಯ ಕೌಶಲ್ಯ ವಿಕಾಸ ಕೇಂದ್ರಕ್ಕೂ ಹೋಗಲಿ. ಸ್ವೀಕೃತಿಯ ಮುದ್ರೆಯಿಲ್ಲದೆ ಯಾರೂ ಮನೆಗೆ ಹಿಂದಿರುಗದಿರಲಿ.

ಅರ್ಜಿಗೆ ಉತ್ತರ ಬರುವವರೆಗೆ ಕೈಕಟ್ಟಿ ಕುಳಿತಿರಬೇಕಾಗಿಯೂ ಇಲ್ಲ. ಭಾನುವಾರ ಕನ್ನಡ ಶಾಲೆಗಳ ಕೋಣೆಗಳು ಖಾಲಿ ಇರುತ್ತವೆ. ಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿ ವೈದ್ಯರಾದವರು, ದಾದಿಯರಾದವರು, ಭೌತಚಿಕಿತ್ಸಕರಾದವರು ಇದ್ದೇ ಇರುತ್ತಾರೆ. ಅವರಲ್ಲೊಬ್ಬರು, ಊರಿನ ವಸ್ತಾದರೊಬ್ಬರು, ಎರೆಯುವ ಅಜ್ಜಿಯೊಬ್ಬರು ಒಂದೇ ಜಮಖಾನದ ಮೇಲೆ ಕುಳಿತರೆ ಕಮ್ಮಟ ಆರಂಭವಾದಂತೆಯೇ. ಅಜ್ಜಿ ತನ್ನ ಕಾಲ ಮೇಲೆ ಗೊಂಬೆಯನ್ನು ಮಲಗಿಸಿಕೊಂಡು ತೋರಿಸಲಿ. ವೈದ್ಯರು ನೋಡಿ, ಸರಿಯಾದುದಕ್ಕೆ ಸೈ ಎನ್ನಲಿ, ಅಪಾಯವಾದುದನ್ನು ಬಿಡಿಸಿ ಹೇಳಲಿ. ಜ್ವರ, ಒಂದೇ ಕಾಲಿನ ಬಿಸಿ ಬಾವು, ಮುರಿದ ಮೂಳೆ, ತೆರೆದ ಗಾಯ, ರಕ್ತ ತೆಳುವಾಗಿಸುವ ಔಷಧಿ, ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಕಳೆದುಕೊಂಡ ಪಾದ: ಈ ಆರು ಕಂಡಲ್ಲಿ ಮೊದಲು ದವಾಖಾನೆ ಎಂದು ಕಪ್ಪು ಹಲಗೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆಯಲಿ. ಓದಲು ಬಾರದವರಿಗೆ ಮೊಮ್ಮಕ್ಕಳು ಓದಿ ಹೇಳಲಿ.

ಹಳೆಯ ಕನ್ನಡದಲ್ಲಿ ಕಮ್ಮಟವೆಂದರೆ ನಾಣ್ಯ ಅಚ್ಚೊತ್ತುವ ಶಾಲೆ. ಅಲ್ಲಿಗೆ ಬರುವ ಲೋಹ ಮೊದಲೇ ಬೆಲೆಯುಳ್ಳದ್ದು. ಮುದ್ರೆ ಬಿದ್ದ ಮೇಲೆ ಅದು ಎಲ್ಲೆಡೆ ಚಲಾವಣೆಯಾಗುತ್ತದೆ. ಸೊಲ್ಲಾಪುರ, ಅಕ್ಕಲಕೋಟದ ಹಿರಿಯರ ಕೈಯಲ್ಲಿ ಲೋಹವಿದೆ. ಬರುವ ಆಷಾಢದಲ್ಲಿ ವಾರಿಯ ದಾರಿಯ ಬದಿಗೆ ಎಣ್ಣೆಯ ಬಟ್ಟಲು ಹಿಡಿದು ಕುಳಿತುಕೊಳ್ಳುವವನು, ತಿಕ್ಕುವ ಮೊದಲು ವಾರಕರಿಯ ಮೀನಖಂಡವನ್ನು ಮುಟ್ಟಿ ನೋಡಿ, ‘ಅಪ್ಪಾ, ಈ ಕಾಲಿಗೆ ಎಣ್ಣೆ ಬೇಡ, ಮೊದಲು ಡಾಕ್ಟರರಿಗೆ ತೋರಿಸು’ ಎಂದು ಹೇಳುವಂತಾದರೆ, ಕಮ್ಮಟ ನಡೆಸಿದ ಭಾನುವಾರ ಸಾರ್ಥಕ.