ಸಾಯುವವರಿಗೆ ಸುಳ್ಳು ಹೇಳುವ ಹಕ್ಕು ಕೊಟ್ಟವರು ಯಾರು?

ಮರಣದ ಕುರಿತು ಮಾತನಾಡುವುದರಲ್ಲಿ ನಮ್ಮ ಸಮಾಜ ಯಾರಿಗೂ ಕಡಿಮೆಯಿಲ್ಲ. ಸಂತಾಪ ಸಭೆಗಳಲ್ಲಿ ಮಾತನಾಡುತ್ತೇವೆ. ಮಸೀದಿ, ಮಠ, ಚರ್ಚುಗಳ ಪ್ರವಚನಗಳಲ್ಲಿ ಕೇಳುತ್ತೇವೆ. ಬದುಕು ನೀರ ಮೇಲಿನ ಗುಳ್ಳೆ ಎಂದು ಮದುವೆ ಮನೆಯಲ್ಲೂ ಉಪದೇಶಿಸುವವರಿದ್ದಾರೆ. ಆದರೆ ಒಬ್ಬ ವ್ಯಕ್ತಿಯ ಮುಂದೆ ಮಾತ್ರ ನಾವು ಮರಣದ ಮಾತೆತ್ತುವುದಿಲ್ಲ. ಸಾಯುತ್ತಿರುವ ವ್ಯಕ್ತಿಯ ಮುಂದೆ!

ದೃಶ್ಯ ಎಲ್ಲರಿಗೂ ಪರಿಚಿತ. ವೈದ್ಯರು ಮಗನನ್ನು ಕೋಣೆಯ ಹೊರಗೆ ಕರೆಯುತ್ತಾರೆ. ಕ್ಯಾನ್ಸರ್ ಹಬ್ಬಿದೆ, ಹೆಚ್ಚೆಂದರೆ ಕೆಲವು ತಿಂಗಳು ಎನ್ನುತ್ತಾರೆ. ಮಗ ಕಣ್ಣೊರೆಸಿಕೊಂಡು ಒಳಗೆ ಬಂದು, 'ಏನಿಲ್ಲ ಅಪ್ಪ, ಕರುಳಿನಲ್ಲಿ ಸಣ್ಣ ಹುಣ್ಣು, ಹದಿನೈದು ದಿನದಲ್ಲಿ ಗುಣ ಆಗ್ತದೆ' ಎನ್ನುತ್ತಾನೆ. ಅಂದಿನಿಂದ ಇಡೀ ಮನೆ ಒಂದು ನಾಟಕ ಕಂಪೆನಿ. ವರದಿಗಳು ಕಪಾಟಿನ ಬಟ್ಟೆಗಳ ಅಡಿಗೆ ಸೇರುತ್ತವೆ. ನೋಡಲು ಬರುವ ನೆಂಟರಿಗೆ ಬಾಗಿಲಲ್ಲೇ ಎಚ್ಚರಿಕೆ ನೀಡಲಾಗುತ್ತದೆ. ಮೊಮ್ಮಕ್ಕಳಿಗೂ ಸುಳ್ಳಿನ ಪಾಠ. ರೋಗಿ ದಿನೇ ದಿನೇ ಕುಗ್ಗುತ್ತಿದ್ದರೂ ಎಲ್ಲರೂ 'ಮುಖದಲ್ಲಿ ಕಳೆ ಬಂದಿದೆ' ಎನ್ನುತ್ತಾರೆ. ಕೊನೆಗೊಂದು ದಿನ ಆತ ಐಸಿಯುವಿನಲ್ಲಿ, ಬಾಯಿಗೆ ಕೊಳವೆ ಹಾಕಿಸಿಕೊಂಡು, ಪರಿಚಿತ ಮುಖವೊಂದೂ ಹತ್ತಿರವಿಲ್ಲದೆ ಕೊನೆಯುಸಿರೆಳೆಯುತ್ತಾನೆ. 'ಕೊನೆಯವರೆಗೂ ಅವರಿಗೆ ಗೊತ್ತಾಗಲೇ ಇಲ್ಲ, ಅದೊಂದೇ ಸಮಾಧಾನ' ಎಂದು ಮನೆಯವರು ಹೇಳಿಕೊಳ್ಳುತ್ತಾರೆ.

ಯಾರ ಸಮಾಧಾನ? ಸತ್ತವನದ್ದೋ, ಉಳಿದವರದ್ದೋ?

ಈ ಸುಳ್ಳು ಪ್ರೀತಿಯಿಂದ ಹುಟ್ಟುತ್ತದೆ ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅದು ಮಾಡುವ ಕೆಲಸ ವಂಚನೆಯದ್ದು. ಯಾರಿಗೆ ಸಾಲ ತೀರಿಸಬೇಕು, ಯಾರಿಂದ ಬರಬೇಕು, ಮಾತು ಬಿಟ್ಟ ತಮ್ಮನನ್ನು ಹೇಗೆ ಕರೆಸಿಕೊಳ್ಳಬೇಕು, ಹೆಣ್ಣುಮಕ್ಕಳ ಪಾಲಿಗೆ ಅನ್ಯಾಯವಾಗದಂತೆ ಏನು ಬರೆದಿಡಬೇಕು, ಹೆಂಡತಿಗೆ ಇಷ್ಟು ವರ್ಷ ಹೇಳದ ಯಾವ ಮಾತನ್ನು ಹೇಳಬೇಕು - ಈ ಎಲ್ಲ ಕೆಲಸಗಳಿಗೆ ಒಬ್ಬ ಮನುಷ್ಯನಿಗೆ ಉಳಿದಿದ್ದ ಮೂರೋ ನಾಲ್ಕೋ ತಿಂಗಳುಗಳನ್ನು ಅವನ ಆಪ್ತರೇ ಕಸಿದುಕೊಂಡಿರುತ್ತಾರೆ. ಹಣ ಕದ್ದರೆ ಹಿಂದಿರುಗಿಸಬಹುದು. ಇದನ್ನು ಹೇಗೆ ಹಿಂದಿರುಗಿಸುವುದು?

'ಸತ್ಯ ಹೇಳಿದರೆ ಭಯದಿಂದಲೇ ಸಾಯುತ್ತಾರೆ' ಎಂಬುದು ಸಿದ್ಧ ಉತ್ತರ. ಹಾಗಾದರೆ ಮರಣದ ಭಯ ಎಂದರೇನು ಎಂದು ಸ್ವಲ್ಪ ವಿಚಾರಿಸೋಣ.

ಕ್ರಿ.ಪೂ. 399ರಲ್ಲಿ ಅಥೆನ್ಸಿನ ನ್ಯಾಯಾಲಯದಲ್ಲಿ ಮರಣದಂಡನೆಯನ್ನು ಎದುರಿಸುತ್ತಿದ್ದ ಸಾಕ್ರಟೀಸ್ ಮಂಡಿಸಿದ ವಾದವನ್ನು ಅವನ ಶಿಷ್ಯ ಪ್ಲೇಟೋ ದಾಖಲಿಸಿದ್ದಾನೆ. ಅದರ ಸಾರಾಂಶ ಇಷ್ಟೆ: ಮರಣ ಏನೆಂದು ಯಾರಿಗೂ ತಿಳಿಯದು, ಅದು ಮನುಷ್ಯನಿಗೆ ದೊರೆಯುವ ಅತಿ ದೊಡ್ಡ ಒಳಿತೂ ಆಗಿರಬಹುದು. ಹೀಗಿರುವಾಗ ಅದೇ ಅತ್ಯಂತ ಕೆಟ್ಟದ್ದೆಂದು ಹೆದರುವುದು, ತಿಳಿಯದ್ದನ್ನು ತಿಳಿದಿದ್ದೇನೆ ಎಂಬ ಭ್ರಮೆ. ಅವನ ನಂತರ ಬಂದ ಎಪಿಕ್ಯೂರಸ್ ಇನ್ನೂ ಮುಂದೆ ಹೋದ. ನಾವು ಇರುವವರೆಗೆ ಮರಣ ಇಲ್ಲ, ಮರಣ ಬಂದಾಗ ನಾವು ಇರುವುದಿಲ್ಲ, ಆದ್ದರಿಂದ ಭಯಕ್ಕೆ ಕಾರಣವೇ ಇಲ್ಲ ಎಂದು ವಾದಿಸಿದ. ತರ್ಕ ಚೆನ್ನಾಗಿದೆ. ಆದರೆ ಎರಡು ಸಣ್ಣ ಮಕ್ಕಳನ್ನು ಬಿಟ್ಟುಹೋಗಬೇಕಾದ ಮೂವತ್ತೈದರ ತಾಯಿಗೆ ಈ ತರ್ಕದಿಂದ ಏನು ಪ್ರಯೋಜನ? ಅವಳ ಭಯ ತಾನು ಇಲ್ಲದಿರುವುದರ ಕುರಿತಲ್ಲ, ಮಕ್ಕಳು ಇರುವುದರ ಕುರಿತು.

ನಮ್ಮ ದೃಷ್ಟಿಯಲ್ಲಿ ಈ ವಿಷಯದಲ್ಲಿ ಹೆಚ್ಚು ಉಪಯುಕ್ತನಾದವನು 1030ರಲ್ಲಿ ನಿಧನ ಹೊಂದಿದ ಪರ್ಶಿಯದ ಚಿಂತಕ ಮಿಸ್ಕವೈಹ್. ನೀತಿಶಾಸ್ತ್ರದ ಕುರಿತ ತನ್ನ 'ತಹ್ಝೀಬುಲ್ ಅಖ್ಲಾಕ್' ಗ್ರಂಥದಲ್ಲಿ ಅವನು ಮರಣದ ಭಯವನ್ನು ಒಂದು ಕಾಯಿಲೆ ಎಂದು ಪರಿಗಣಿಸಿ, ವೈದ್ಯನಂತೆ ವಿಂಗಡಿಸುತ್ತಾನೆ. ಮರಣ ಏನೆಂದು ತಿಳಿಯದಿರುವ ಭಯ ಒಂದು. ಆತ್ಮ ಎಲ್ಲಿಗೆ ಹೋಗುತ್ತದೆ ಎಂಬ ಭಯ ಇನ್ನೊಂದು. ಸಾಯುವಾಗ ಭಾರೀ ನೋವಾಗುತ್ತದೆ ಎಂಬ ಭಯ, ಸತ್ತ ಮೇಲೆ ಶಿಕ್ಷೆಯಾಗುತ್ತದೆ ಎಂಬ ಭಯ, ಗಳಿಸಿದ್ದನ್ನು ಬಿಟ್ಟುಹೋಗಬೇಕಲ್ಲ ಎಂಬ ದುಃಖ - ಇವು ಬೇರೆ ಬೇರೆ. ಶಿಕ್ಷೆಗೆ ಹೆದರುವವನು ವಾಸ್ತವದಲ್ಲಿ ಮರಣಕ್ಕಲ್ಲ, ತನ್ನ ಪಾಪಗಳಿಗೆ ಹೆದರುತ್ತಿದ್ದಾನೆ, ಹಾಗಿದ್ದರೆ ಅವನು ಪಾಪಗಳನ್ನು ಬಿಡಲಿ ಎಂಬುದು ಅವನ ಚಿಕಿತ್ಸೆ.

ಸಾವಿರ ವರ್ಷಗಳ ಹಿಂದಿನ ಈ ವಿಂಗಡಣೆಯನ್ನು ನಮ್ಮ ಇಂದಿನ ಮನೆಗಳಿಗೆ ತಂದು ನೋಡಿ. ನೋವಿಗೆ ಹೆದರುವವನಿಗೆ ಔಷಧಿ ಬೇಕು. ಮಕ್ಕಳ ಭವಿಷ್ಯಕ್ಕೆ ಹೆದರುವವಳಿಗೆ ಅವರ ಹೊಣೆ ಹೊರುವವರು ಬೇಕು. ಪಾಪಕ್ಕೆ ಹೆದರುವವನಿಗೆ ಪಶ್ಚಾತ್ತಾಪದ ಅವಕಾಶ ಬೇಕು. ಒಂಟಿತನಕ್ಕೆ ಹೆದರುವವನಿಗೆ ಹಿಡಿಯಲು ಒಂದು ಕೈ ಬೇಕು. ಇವುಗಳಲ್ಲಿ ಯಾವುದಾದರೂ ಒಂದು ಭಯಕ್ಕೆ ಸುಳ್ಳು ಔಷಧಿಯೇ? ಮರಣದಾಚೆಗೆ ಏನಿದೆ ಎಂಬುದು ಮನುಷ್ಯನ ಇಂದ್ರಿಯಗಳಿಗೆ ಎಟುಕದ್ದು, ಅದಕ್ಕೆ ವಿಶ್ವಾಸಿಯ ಬಳಿ ಅವನದೇ ಉತ್ತರವಿದೆ. ಆದರೆ ಮರಣದ ಈಚೆಗೆ ಏನಾಗಲಿದೆ ಎಂಬುದು ವೈದ್ಯನಿಗೂ ಮನೆಯವರಿಗೂ ತಿಳಿದಿರುವ ವಿಷಯ. ರೋಗಿಯಿಂದ ಬಚ್ಚಿಡುವುದು ಇದನ್ನೇ. ಅಂದರೆ, ದೀಪವನ್ನು ನಂದಿಸಿ 'ಕತ್ತಲೆಗೆ ಹೆದರಬೇಡ' ಎನ್ನುವುದು!

ಲಿಯೋ ಟಾಲ್‌ಸ್ಟಾಯ್ 1886ರಲ್ಲಿ ಪ್ರಕಟಿಸಿದ 'ಇವಾನ್ ಇಲಿಚ್‌ನ ಸಾವು' ಎಂಬ ಕಥೆ ಇದನ್ನೇ ಹೇಳುತ್ತದೆ. ನ್ಯಾಯಾಧೀಶನಾಗಿದ್ದ ಇಲಿಚ್ ಸಾಯುತ್ತಿದ್ದಾನೆ. ಅವನನ್ನು ದೇಹದ ನೋವಿನಷ್ಟೇ ಹಿಂಸಿಸುವುದು, ಅವನು ಸಾಯುತ್ತಿಲ್ಲ ಎಂದು ಹೆಂಡತಿ, ವೈದ್ಯ, ಸ್ನೇಹಿತರೆಲ್ಲ ಸೇರಿ ಆಡುವ ನಾಟಕ. ಆ ನಾಟಕದಲ್ಲಿ ಅವನೂ ಪಾತ್ರ ವಹಿಸಬೇಕಾಗುತ್ತದೆ. ಗೆರಾಸಿಂ ಎಂಬ ಹಳ್ಳಿಯ ಆಳು ಒಬ್ಬನೇ ಸುಳ್ಳಾಡುವುದಿಲ್ಲ. ಎಲ್ಲರೂ ಒಂದು ದಿನ ಸಾಯುವವರೇ ಎಂಬ ಸಹಜ ತಿಳಿವಿನಿಂದ ಅವನು ಯಜಮಾನನ ಕಾಲುಗಳನ್ನು ರಾತ್ರಿಯಿಡೀ ತನ್ನ ಹೆಗಲ ಮೇಲೆ ಹೊತ್ತು ಕೂರುತ್ತಾನೆ. ಇಲಿಚ್‌ಗೆ ನೆಮ್ಮದಿ ಸಿಗುವುದು ಅವನ ಬಳಿ ಮಾತ್ರ.

'ಇದೆಲ್ಲ ಪಶ್ಚಿಮದ ವಿಚಾರ, ನಮ್ಮದು ಕುಟುಂಬ ಸಂಸ್ಕೃತಿ' ಎಂಬ ಆಕ್ಷೇಪವನ್ನೂ ಕೇಳಿದ್ದೇವೆ. ನಮ್ಮ ಸಂಸ್ಕೃತಿಯೇ? ಕಠೋಪನಿಷತ್ತಿನ ನಚಿಕೇತ ಯಮನ ಮುಂದೆಯೇ ನಿಂತು ಮರಣದ ರಹಸ್ಯ ಕೇಳಿದ. ಸಂಪತ್ತು, ದೀರ್ಘಾಯುಷ್ಯ, ಸುಖ ಭೋಗ ಕೊಡುತ್ತೇನೆ, ಆ ಪ್ರಶ್ನೆಯೊಂದನ್ನು ಬಿಡು ಎಂದು ಯಮನೇ ಜಾರಿಕೊಳ್ಳಲು ನೋಡಿದರೂ ಹುಡುಗ ಒಪ್ಪಲಿಲ್ಲ. ಶ್ರವಣಬೆಳಗೊಳದ ಚಂದ್ರಗಿರಿಯ ಬಂಡೆಗಳ ಮೇಲೆ ಸಲ್ಲೇಖನದಿಂದ ದೇಹ ತೊರೆದವರ ಹೆಸರುಗಳನ್ನು ಕೆತ್ತಲಾಗಿದೆ. ಆ ವ್ರತವನ್ನು ಒಪ್ಪುವುದು ಬಿಡುವುದು ಬೇರೆ ಮಾತು. ಆದರೆ ಮರಣವನ್ನು ಬಚ್ಚಿಡಬೇಕೆಂದು ಆ ಶಾಸನ ಕೆತ್ತಿಸಿದವರಿಗೆ ಅನಿಸಿರಲಿಲ್ಲ. ಇನ್ನು ಮುಸ್ಲಿಮರ ವಿಷಯ. ವಸಿಯ್ಯತ್, ಅಂದರೆ ಉಯಿಲನ್ನು ಬರೆದಿಟ್ಟುಕೊಳ್ಳದೆ ದಿನ ದೂಡಬಾರದೆಂಬುದು ಪ್ರವಾದಿಯವರ(ಸ) ಬೋಧನೆ. ಸಾಯುತ್ತಿರುವವರ ಪಕ್ಕ ಕುಳಿತು ಕಲಿಮಾ ಹೇಳಿಕೊಡುವುದು ಪ್ರತಿ ಮನೆಯ ಸಂಪ್ರದಾಯ. ಇಮಾಮ್ ಗಝ್ಝಾಲಿ ತಮ್ಮ 'ಇಹ್ಯಾ'ದ ನಲ್ವತ್ತು ಗ್ರಂಥಗಳಲ್ಲಿ ಕೊನೆಯದನ್ನು ಮರಣದ ಸ್ಮರಣೆಗಾಗಿಯೇ ಮೀಸಲಿಟ್ಟರು. ಇಷ್ಟೆಲ್ಲ ಇರುವ ಸಮುದಾಯದಲ್ಲಿ ರೋಗಿಗೆ ರೋಗದ ಹೆಸರನ್ನೂ ಹೇಳದಿರುವುದು ಸಂಸ್ಕೃತಿ ಆಗುವುದು ಹೇಗೆ?

ಇಲ್ಲಿ ಧರ್ಮೋಪದೇಶಕರಿಗೂ ಒಂದು ಮಾತು ಹೇಳಲೇಬೇಕು. ಸಮಾಧಿಯ ಕತ್ತಲೆ, ಹಾವು, ಚೇಳುಗಳನ್ನು ವರ್ಣಿಸಿ ಸಭಿಕರನ್ನು ಅಳಿಸುವುದರಲ್ಲಿ ಕೆಲವರು ನಿಪುಣರು. ಆರೋಗ್ಯವಂತನ ಅಹಂಕಾರ ಮುರಿಯಲು ಮರಣದ ನೆನಪು ಬೇಕು, ನಿಜ. ಆದರೆ ಹಾಸಿಗೆ ಹಿಡಿದವನಿಗೆ ಬೇಕಾದುದು ದೇವನ ಕರುಣೆಯ ಕುರಿತ ಭರವಸೆ. ಬದುಕಿನುದ್ದಕ್ಕೂ ಭಯವನ್ನಷ್ಟೇ ಕೇಳಿದ ಮನುಷ್ಯ ಕೊನೆಯಲ್ಲಿ ತನ್ನ ಪ್ರಭುವನ್ನು ಪೊಲೀಸ್ ಅಧಿಕಾರಿಯಂತೆ ಕಲ್ಪಿಸಿಕೊಂಡರೆ ಅದರ ಹೊಣೆ ಯಾರದು? ಮನೆಯವರು ಸತ್ಯ ಹೇಳಲು ಅಂಜುವುದಕ್ಕೆ ಈ ವ್ಯಾಪಾರವೂ ಒಂದು ಕಾರಣ.

ಹಾಗೆಂದು ಮರಣವನ್ನು ಸ್ವೀಕರಿಸಬೇಕೆಂಬ ಮಾತನ್ನು ಎಲ್ಲೆಂದರಲ್ಲಿ ಬಳಸುವುದನ್ನೂ ನಾವು ವಿರೋಧಿಸುತ್ತೇವೆ. ಹೆರಿಗೆಯಲ್ಲಿ ರಕ್ತಸ್ರಾವವಾಗಿ ಸತ್ತ ಬಡ ಹೆಂಗಸಿನ ಗಂಡನಿಗೆ 'ವಿಧಿ' ಎನ್ನುವುದು ತತ್ವಜ್ಞಾನವಲ್ಲ, ಅನ್ಯಾಯ. 639ರ ಸುಮಾರಿಗೆ ಸಿರಿಯಾದಲ್ಲಿ ಪ್ಲೇಗ್ ಹರಡಿದಾಗ ಖಲೀಫ ಉಮರ್(ರ) ಅಲ್ಲಿಗೆ ಹೋಗದೆ ದಾರಿಯಿಂದಲೇ ಹಿಂದಿರುಗಿದರು. ದೇವವಿಧಿಯಿಂದ ಓಡುತ್ತಿದ್ದೀರಾ ಎಂದು ಅಬೂ ಉಬೈದಾ(ರ) ಕೇಳಿದಾಗ, ಒಂದು ವಿಧಿಯಿಂದ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇನೆ ಎಂಬರ್ಥದ ಉತ್ತರ ಕೊಟ್ಟರು. ತಡೆಯಬಹುದಾದ ಸಾವನ್ನು ತಡೆಯಬೇಕು. ತಡೆಯಲಾಗದ ಸಾವಿನ ಮುಂದೆ ಮಾತ್ರ ಸ್ವೀಕಾರದ ಮಾತು.

ಅಂಥ ಸಾವಿನಲ್ಲೂ ಮಾಡಬೇಕಾದ ಕೆಲಸ ಬಹಳವಿದೆ. ಲಂಡನ್ನಿನಲ್ಲಿ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ ಹಾಸ್ಪಿಸ್ ಆರಂಭಿಸಿದ ಸಿಸಿಲಿ ಸಾಂಡರ್ಸ್, ಸಾಯುವವರ ನೋವು ದೇಹದ್ದಷ್ಟೇ ಅಲ್ಲ, ಮನಸ್ಸು, ಸಂಬಂಧ ಮತ್ತು ಆತ್ಮದ್ದೂ ಹೌದು ಎಂದು ತೋರಿಸಿಕೊಟ್ಟರು. ನೆರೆಯ ಕೇರಳದ ಕಲ್ಲಿಕೋಟೆಯಲ್ಲಿ 1993ರಲ್ಲಿ ಶುರುವಾದ ಉಪಶಾಮಕ ಚಿಕಿತ್ಸೆಯ ಸಂಘಟನೆ, ಊರಿನ ಸಾಮಾನ್ಯ ಜನರನ್ನೇ ಸ್ವಯಂಸೇವಕರನ್ನಾಗಿಸಿ ಮನೆ ಮನೆಗೆ ಕಳುಹಿಸುವ ಚಳವಳಿಯಾಗಿ ಬೆಳೆಯಿತು. ಬೆಂಗಳೂರಿನ 'ಕರುಣಾಶ್ರಯ' 1999ರಿಂದ ಕ್ಯಾನ್ಸರಿನ ಕೊನೆಯ ಹಂತದವರನ್ನು ಉಚಿತವಾಗಿ ನೋಡಿಕೊಳ್ಳುತ್ತಿದೆ. ಇಷ್ಟಾದರೂ ನಮ್ಮ ಎಷ್ಟೋ ತಾಲೂಕುಗಳಲ್ಲಿ ನೋವಿಗೆ ಮಾರ್ಫಿನ್ ಸಿಗುವುದಿಲ್ಲ. ಕಾನೂನುಬದ್ಧವಾಗಿ ಅಫೀಮು ಬೆಳೆದು ರಫ್ತು ಮಾಡುವ ದೇಶದಲ್ಲೇ, 1985ರ ಮಾದಕ ದ್ರವ್ಯ ಕಾಯ್ದೆಯ ಬಿಗಿ ನಿಯಮಗಳಿಂದಾಗಿ ರೋಗಿಗಳು ದಶಕಗಳ ಕಾಲ ನರಳಿದರು. 2014ರಲ್ಲಿ ಕಾಯ್ದೆ ತಿದ್ದುಪಡಿಯಾಯಿತು. ಆದರೆ ಔಷಧಿ ಕೇಳಬೇಕಾದರೆ ಮೊದಲು ರೋಗ ಗುಣವಾಗದು ಎಂದು ಒಪ್ಪಿಕೊಳ್ಳಬೇಕು. ಮನೆಯ ಸುಳ್ಳು ಅದಕ್ಕೂ ಅಡ್ಡಿ. ನಾಟಕ ನಡೆಯಬೇಕಾದರೆ ಇನ್ನೊಂದು ಸುತ್ತು ಕೀಮೋ, ಇನ್ನೊಂದು ದೊಡ್ಡ ಆಸ್ಪತ್ರೆ, ಇನ್ನೊಂದು ಸಾಲ ಬೇಕಲ್ಲ!

ಮಾತನಾಡದೆ ಉಳಿದುದರ ಬೆಲೆಯನ್ನು ಕಾನೂನಿನ ಇತಿಹಾಸವೂ ತೋರಿಸುತ್ತದೆ. ಹೊನ್ನಾವರ ತಾಲೂಕಿನ ಹಳದೀಪುರದಿಂದ ಹೋಗಿ ಮುಂಬೈಯಲ್ಲಿ ದಾದಿಯಾಗಿದ್ದ ಅರುಣಾ ಶಾನಭಾಗ್ 1973ರ ಬರ್ಬರ ದಾಳಿಯ ನಂತರ, 2015ರ ಮೇ ತಿಂಗಳಲ್ಲಿ ನಿಧನ ಹೊಂದುವವರೆಗೂ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. 2011ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಅವರ ಪರವಾಗಿ ಒಬ್ಬ ಲೇಖಕಿ ಒಂದು ಮಾತು ಹೇಳಿದರು, ಅವರನ್ನು ಮಗುವಿನಂತೆ ನೋಡಿಕೊಂಡ ದಾದಿಯರು ಇನ್ನೊಂದು ಮಾತು ಹೇಳಿದರು. ಅರುಣಾರ ಸ್ವಂತ ಮಾತು ಏನಾಗಿರುತ್ತಿತ್ತು ಎಂಬುದು ಮಾತ್ರ ಯಾರಿಗೂ ತಿಳಿಯಲಿಲ್ಲ. ಎಳೆಯ ಪ್ರಾಯದಲ್ಲಿ ದಾಳಿಗೊಳಗಾದ ಅವರಿಗೆ ಹೇಳಿಡುವ ಅವಕಾಶವೇ ಇರಲಿಲ್ಲ. ಇಂದು ನಮಗೆ ಇದೆ. 2018ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಘನತೆಯಿಂದ ಸಾಯುವ ಹಕ್ಕನ್ನು ಮಾನ್ಯ ಮಾಡಿತು. 2023ರಲ್ಲಿ ನಿಯಮಗಳನ್ನು ಸರಳಗೊಳಿಸಿ, ಇಬ್ಬರು ಸಾಕ್ಷಿಗಳೊಂದಿಗೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಮುಂದೆ ಚಿಕಿತ್ಸೆಯ ಕುರಿತ ತನ್ನ ಇಚ್ಛೆಯನ್ನು ಬರೆದಿಡಬಹುದೆಂದಿತು. ಕರ್ನಾಟಕ ಸರಕಾರ 2025ರ ಜನವರಿಯಲ್ಲಿ ಇದನ್ನು ಜಾರಿಗೊಳಿಸುವ ಆದೇಶ ಹೊರಡಿಸಿತು. ಇದು ಚುಚ್ಚುಮದ್ದು ಕೊಟ್ಟು ಕೊಲ್ಲುವ ಅನುಮತಿಯಲ್ಲ. ಗುಣವಾಗುವ ಭರವಸೆಯಿಲ್ಲದಾಗ ಯಂತ್ರಗಳಿಂದ ಮರಣವನ್ನು ಎಳೆದಾಡಬೇಕಿಲ್ಲ ಎಂಬುದಷ್ಟೇ. ಧಾರ್ಮಿಕ ಸಂದೇಹ ಉಳ್ಳವರು ಗಮನಿಸಲಿ: ಮೆದುಳು ಶಾಶ್ವತವಾಗಿ ನಿಷ್ಕ್ರಿಯಗೊಂಡ ಮೇಲೆ ಕೃತಕ ಉಸಿರಾಟದ ಯಂತ್ರ ತೆಗೆಯಬಹುದೆಂದು ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿ 1986ರಲ್ಲೇ ಅಮ್ಮಾನ್‌ನಲ್ಲಿ ನಿರ್ಣಯಿಸಿದೆ.

ಸತ್ಯ ಹೇಳುವುದೆಂದರೆ ವರದಿಯನ್ನು ಮುಖಕ್ಕೆ ಎಸೆಯುವುದಲ್ಲ. 'ನಿಮ್ಮ ಕಾಯಿಲೆಯ ಬಗ್ಗೆ ಎಷ್ಟು ತಿಳಿಯಬೇಕು ಅನಿಸ್ತದೆ?' ಎಂದು ಮೊದಲು ಕೇಳಬೇಕು. ಬೇಡ ಎನ್ನುವವರಿಗೆ ಬೇಡ ಎನ್ನುವ ಹಕ್ಕಿದೆ. ಬೇಕು ಎನ್ನುವವರಿಗೆ ಕೇಳಿದಷ್ಟು, ತಡೆದುಕೊಳ್ಳುವಷ್ಟು, ಪಕ್ಕದಲ್ಲಿ ಕುಳಿತು ಹೇಳಬೇಕು. ಹೇಳಿದ ಮೇಲೆ ಎದ್ದುಹೋಗಬಾರದು. ಹೆಚ್ಚಿನ ರೋಗಿಗಳಿಗೆ ತಮ್ಮ ದೇಹವೇ ಆಗಲೇ ಸುದ್ದಿ ಮುಟ್ಟಿಸಿರುತ್ತದೆ. ಮನೆಯವರು ನೊಂದಾರು ಎಂದು ಅವರೂ ಸುಮ್ಮನಿರುತ್ತಾರೆ. ಒಂದೇ ಕೋಣೆಯಲ್ಲಿ ಇಬ್ಬರೂ ಒಂದೇ ವಿಷಯವನ್ನು ಪರಸ್ಪರ ಬಚ್ಚಿಡುವ ಈ ಕ್ರೌರ್ಯ ನಿಲ್ಲಬೇಕು.

ಅದಕ್ಕಾಗಿ ರೋಗ ಬರುವವರೆಗೆ ಕಾಯಬೇಕಾಗಿಲ್ಲ. ಆರೋಗ್ಯವಾಗಿರುವಾಗಲೇ ಮನೆಯಲ್ಲಿ ಈ ಮಾತು ಆಗಲಿ: ಸಾಲ ಎಷ್ಟು, ಪಾಲು ಹೇಗೆ, ಎಲ್ಲಿ ಸಾಯಲು ಇಷ್ಟ, ಯಾರು ಹತ್ತಿರವಿರಬೇಕು. ಅಪಶಕುನ ಎಂದು ಯಾರಾದರೂ ಬಾಯಿ ಮುಚ್ಚಿಸಿದರೆ ಕೇಳಿ, ಮಾತನಾಡದ ಮನೆಗಳಿಗೆ ಮರಣ ಬಂದಿಲ್ಲವೇ? ಅದು ಬಂದೇ ಬರುತ್ತದೆ. ಅದು ಬರುವ ಹೊತ್ತಿಗೆ ಹಾಸಿಗೆಯ ಪಕ್ಕ ನಟರು ಇರಬೇಕೋ ಮನುಷ್ಯರು ಇರಬೇಕೋ ಎಂಬುದಷ್ಟೇ ನಮ್ಮ ಕೈಯಲ್ಲಿರುವುದು.